ಕರೆಂಟು ಮರಳಿ ಬಂದಾಗ

ಚನ್ನಗಿರಿ ಸೀಮೆಯ ಅಡಿಕೆ ತೋಟಗಳ ನಡುವೆ ಇರುಳಿನಲ್ಲಿ ಹಾದು ಬರುವ ಹೊಸಬರಿಗೆ ಒಂದು ಸೋಜಿಗ ಎದುರಾಗುವುದುಂಟು. ಸುತ್ತಮುತ್ತ ನರಪ್ರಾಣಿಯಿಲ್ಲ; ಪಂಪಿನ ಮನೆಗೆ ಬೀಗ ಬಿದ್ದಿದೆ; ತೋಟದ ಒಡೆಯರು ಊರೊಳಗೆ ಗಾಢನಿದ್ರೆಯಲ್ಲಿದ್ದಾರೆ. ಅಷ್ಟರಲ್ಲಿ ಮೂರು ಫೇಸಿನ ಕರೆಂಟು ಬರುತ್ತದೆ. ಕೆಲವು ಕ್ಷಣಗಳು ಕಳೆಯುವುದರೊಳಗೆ ಗೋಡೆಯ ಮೇಲಿನ ಸ್ಟಾರ್ಟರು ಖಟ್ಟೆಂದು ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಕೊಳವೆಬಾವಿಯ ಬಾಯಿಂದ ನೀರು ಬುಸುಗುಟ್ಟುತ್ತ ಕಾಲುವೆಗೆ ಬೀಳುತ್ತದೆ. ಪಂಪುಸೆಟ್ಟುಗಳಿಗೆ ಕರೆಂಟು ದಿನವಿಡೀ ಇರುವುದಿಲ್ಲ, ಸರದಿಯ ಮೇಲೆ ಬರುತ್ತದೆ, ಆ ಸರದಿ ಎಷ್ಟೋ ಸಲ ನಡುರಾತ್ರಿಗೆ ಬೀಳುತ್ತದೆ ಎಂಬ ಕಷ್ಟದಿಂದ ಹುಟ್ಟಿದ ಉಪಾಯ ಇದು. ರೈತರ ಬಾಯಲ್ಲಿ ಇದರ ಹೆಸರು ಸರಳವಾಗಿ ‘ಆಟೋ’. ಅನಂತರ ಮೊಬೈಲ್ ಫೋನಿನಿಂದ ಕರೆ ಮಾಡಿ ಮೋಟರನ್ನು ಓಡಿಸುವ ಮತ್ತು ನಿಲ್ಲಿಸುವ ಪೆಟ್ಟಿಗೆಗಳೂ ಬಂದವು. ಪುಣೆಯ ಸಂತೋಷ್ ಓಸ್ತವಾಲ್ ಅವರು ರೂಪಿಸಿದ ‘ನ್ಯಾನೋ ಗಣೇಶ್’ ಈ ಜಾತಿಯ ಉಪಕರಣಗಳಲ್ಲಿ ಹೆಸರಾದದ್ದು.

ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿ ದೀಪಕ್ಕೆ ಮಾತು ಕಲಿಸುವುದಕ್ಕೆ ಎಷ್ಟೋ ಮೊದಲು ನಮ್ಮ ತೋಟಗಳಲ್ಲಿ ಯಂತ್ರವು ಯಜಮಾನನ ಗೈರುಹಾಜರಿಯಲ್ಲಿ ದುಡಿಯಲು ಕಲಿತಿತ್ತೆಂಬುದನ್ನು ಪಟ್ಟಣದ ವಾಚಕರು ನೆನಪಿನಲ್ಲಿಡುವುದು ಒಳ್ಳೆಯದು. ಏಕೆಂದರೆ ಆ ಆಟೋ ಸ್ಟಾರ್ಟರಿನ ಗುಣವನ್ನು ಕಂಡಂತೆ ಅದರ ದೋಷವನ್ನೂ ತೋಟದವರು ಮೊದಲೇ ಕಂಡಿದ್ದಾರೆ. ಮೋಟರು ಓಡತೊಡಗುವ ಕ್ಷಣದಲ್ಲಿ ಅದು ಎಳೆಯುವ ವಿದ್ಯುತ್ತು ಸಹಜ ಓಟದ ಕಾಲಕ್ಕಿಂತ ಹಲವು ಪಟ್ಟು ಹೆಚ್ಚು. ಒಂದೇ ಟ್ರಾನ್ಸ್‌ಫಾರ್ಮರಿಗೆ ಸೇರಿದ ಎಲ್ಲ ಪಂಪುಗಳೂ ಕರೆಂಟು ಬಂದ ಒಂದೇ ಗಳಿಗೆಯಲ್ಲಿ ಎದ್ದು ನಿಂತರೆ, ಆ ಟ್ರಾನ್ಸ್‌ಫಾರ್ಮರಿನ ಪಾಡು ಏನಾಗಬೇಡ? ನೆರೆಯ ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಕೃಷಿಗೆ 24 ಗಂಟೆಯೂ ಕರೆಂಟು ಕೊಡಲಾರಂಭಿಸಿದಾಗ, ಸರ್ಕಾರವೇ ರೈತರನ್ನು ಆಟೋ ಸ್ಟಾರ್ಟರುಗಳನ್ನು ಕಿತ್ತುಹಾಕಿರೆಂದು ಕೇಳಿಕೊಳ್ಳಬೇಕಾಯಿತು. ಸರದಿಯ ಕಾಲದಲ್ಲಿ ಉಪಕಾರಿಯಾಗಿದ್ದ ಸಾಧನವೇ ಕರೆಂಟು ತಪ್ಪದೆ ಬರುವ ಕಾಲಕ್ಕೆ ಅಂತರ್ಜಲವನ್ನೂ ತಂತಿಯನ್ನೂ ಬರಿದುಮಾಡುವ ಹೊರೆಯಾಗಿ ಕಂಡಿತು.

ಕರೆಂಟು ಹೋಗಿ ಮರಳಿ ಬಂದಾಗ ಈ ವಸ್ತು ಏನು ಮಾಡುತ್ತದೆ? ತೋಟದವರು ಸ್ಟಾರ್ಟರಿನ ಅಂಗಡಿಯಲ್ಲಿ ಕೇಳುವ ಈ ಪ್ರಶ್ನೆಯನ್ನು ‘ಸ್ಮಾರ್ಟ್ ಪ್ಲಗ್’ ಕೊಳ್ಳುವ ಗೃಹಸ್ಥರು ಸಾಮಾನ್ಯವಾಗಿ ಕೇಳುವುದಿಲ್ಲ. ಅವರು ಕೇಳುವುದು ಬೆಲೆಯನ್ನು, ಬಣ್ಣವನ್ನು, ಫೋನಿನಲ್ಲಿ ಕಾಣುವ ಚಿತ್ರದ ಅಂದವನ್ನು.

ಸ್ಮಾರ್ಟ್ ಪ್ಲಗ್ ಎಂದರೇನೆಂದು ತಿಳಿಯದವರಿಗಾಗಿ ಎರಡು ಮಾತು. ಗೋಡೆಯ ಸಾಕೆಟ್ಟಿಗೂ ಗೀಸರಿನಂಥ ಸಾಧನದ ಪ್ಲಗ್ಗಿಗೂ ನಡುವೆ ಸಿಕ್ಕಿಸುವ, ಮುಷ್ಟಿಯಷ್ಟು ಗಾತ್ರದ ಒಂದು ಪೆಟ್ಟಿಗೆ ಅದು. ಒಳಗೆ ರಿಲೇ ಎಂಬ ಪುಟ್ಟ ಬೀಗವಿದೆ. ಅದನ್ನು ತೆರೆದು ಮುಚ್ಚಲು ಅಪ್ಪಣೆ ಕೊಡುವ ಒಂದು ಚಿಪ್ಪಿದೆ. ಆ ಚಿಪ್ಪು ಮನೆಯ ವೈಫೈ ಮೂಲಕ ಹೊರಲೋಕದೊಡನೆ ಮಾತಾಡುತ್ತದೆ. ಹೀಗಾಗಿ ಬೆಂಗಳೂರಿನ ಕಚೇರಿಯಲ್ಲಿ ಕುಳಿತವನು ಹೊನ್ನಾಳಿಯ ಬಚ್ಚಲುಮನೆಯ ಗೀಸರನ್ನು ಹೊತ್ತಿಸಬಲ್ಲ, ಆರಿಸಬಲ್ಲ. ಬೆಲೆ ಬಹುತೇಕ ಸಾವಿರ ರೂಪಾಯಿಯ ಆಚೀಚೆ. ದೀಪಾವಳಿಗೆ ಊರಿಗೆ ಬರುವ ಮಕ್ಕಳು ಸಿಹಿಯ ಪೊಟ್ಟಣದೊಡನೆ ಇಂಥ ಒಂದೆರಡನ್ನು ತರುವುದು ಈಗ ವಿರಳವಲ್ಲ.

ತುಂಗಭದ್ರೆಯ ದಂಡೆಗೆ ಸಮೀಪದ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ತಂದೆ ಶಾಲಾ ಮಾಸ್ತರಿಕೆಯಿಂದ ನಿವೃತ್ತರು, ತಾಯಿಗೆ ಮಂಡಿನೋವು. ಮಗನು ಬಂದು ಎರಡು ದಿನವಿದ್ದು, ಬೋರ್ಡು ಬೋರ್ಡಿಗೂ ಬಿಳಿಯ ಪೆಟ್ಟಿಗೆಗಳನ್ನು ಸಿಕ್ಕಿಸಿ, ತನ್ನ ಫೋನಿನಲ್ಲಿ ಎಲ್ಲವನ್ನೂ ತೋರಿಸಿ ಹೊರಡುತ್ತಾನೆ.

“ಅವ್ವಾ, ಇನ್ನು ಮೇಲೆ ನೀನು ಗೀಸರಿನ ಸ್ವಿಚ್ಚಿಗಾಗಿ ಎದ್ದು ಹೋಗಬೇಕಾಗಿಲ್ಲ. ನಾನೇ ಅಲ್ಲಿಂದ ಹಾಕುತ್ತೇನೆ.”

“ಅಲ್ಲಪ್ಪಾ, ನೀನು ಅಲ್ಲಿ ಮೀಟಿಂಗಿನಲ್ಲಿದ್ದರೆ ನಿಮ್ಮಪ್ಪಾಜಿ ಇಲ್ಲಿ ತಣ್ಣೀರೇ ಹೊಯ್ದುಕೊಳ್ಳಬೇಕೇನು?”

ತಾಯಿಯ ಈ ಮಾತಿಗೆ ಮಗನು ನಕ್ಕು ಸುಮ್ಮನಾಗುತ್ತಾನೆ. ಆದರೆ ಸಾಧನದ ವಿಶ್ವಾಸಾರ್ಹತೆ ಎಂಬುದು ನಿಂತಿರುವುದೇ ಆಕೆಯ ಪ್ರಶ್ನೆಯ ಮೇಲೆ. ಮುಂಗಾರಿನ ಮುಂಚಿನ ಒಂದು ಸಂಜೆ ಗಾಳಿಮಳೆ ಬೀಸಿ, ನ್ಯಾಮತಿಯ ಕಡೆಯಿಂದ ಗುಡುಗು ಕೇಳಿಸಿ, ಕರೆಂಟು ಹೋಗಿ, ಅರ್ಧ ತಾಸಿನಲ್ಲಿ ಮೂರು ಸಲ ಬಂದು ಮೂರು ಸಲ ಹೋದರೆ, ಆ ಬಿಳಿಯ ಪೆಟ್ಟಿಗೆಗಳು ಏನು ಮಾಡುತ್ತವೆ ಎಂಬುದು ಆ ಮಗನಿಗೂ ಗೊತ್ತಿಲ್ಲ.

ಪ್ಲಗ್ಗುಗಳ ನಡತೆ ಇಂಥ ವೇಳೆಯಲ್ಲಿ ಒಂದೇ ತೆರನಾಗಿರುವುದಿಲ್ಲ. ಕೆಲವು ಕರೆಂಟು ಬಂದೊಡನೆ ಕಡ್ಡಾಯವಾಗಿ ಆರಿದ ಸ್ಥಿತಿಯಲ್ಲಿರುತ್ತವೆ. ಕೆಲವು ಕಡ್ಡಾಯವಾಗಿ ಹೊತ್ತಿಕೊಳ್ಳುತ್ತವೆ. ಇನ್ನು ಕೆಲವು ಹೋಗುವಾಗ ಹೇಗಿದ್ದವೋ ಹಾಗೆಯೇ ಮರಳುತ್ತವೆ. ಮೂರರಲ್ಲಿ ಯಾವುದು ಬೇಕೆಂದು ಕೊಂಡವನೇ ಗೊತ್ತುಮಾಡುವ ಅವಕಾಶವಿರುವ ಪ್ಲಗ್ಗು ಉತ್ತಮ. ಆ ಅವಕಾಶವೇ ಇಲ್ಲದುದನ್ನು, ಎಷ್ಟು ಅಗ್ಗವಾಗಿದ್ದರೂ, ನಮ್ಮ ತಾಲ್ಲೂಕು ಕೇಂದ್ರಗಳ ಮನೆಗೆ ತರತಕ್ಕದ್ದಲ್ಲ. ಗೀಸರು ಮತ್ತು ಇಸ್ತ್ರಿಪೆಟ್ಟಿಗೆಯಂಥ ಕಾಯುವ ಸಾಧನಗಳು ಕರೆಂಟು ಮರಳಿದಾಗ ಆರಿಯೇ ಇರಬೇಕು. (ಇಸ್ತ್ರಿಪೆಟ್ಟಿಗೆಯನ್ನು ದೂರದಿಂದ ಹೊತ್ತಿಸುವ ಅಗತ್ಯವಾದರೂ ಯಾರಿಗಿದೆಯೋ ತಿಳಿಯದು, ಆದರೂ ಜಾಹೀರಾತುಗಳಲ್ಲಿ ಅದೂ ಕಾಣುತ್ತದೆ.) ರೆಫ್ರಿಜರೇಟರು ಇದಕ್ಕೆ ತದ್ವಿರುದ್ಧ. ಅದು ಆರಿಯೇ ಉಳಿದರೆ, ಊರಿಗೆ ಹೋಗಿದ್ದ ಮನೆಯವರು ಮರಳುವ ಹೊತ್ತಿಗೆ ಹಾಲು ಮೊಸರುಗಳ ಜೊತೆಗೆ ಮನೆಯೂ ನಾರುತ್ತಿರುತ್ತದೆ. ಮೇಲಾಗಿ ಫ್ರಿಜ್ಜಿನ ಕಂಪ್ರೆಸರು ನಿಂತ ಮರುಗಳಿಗೆಯಲ್ಲಿಯೇ ಮತ್ತೆ ಎದ್ದೇಳಲು ಇಷ್ಟಪಡುವುದಿಲ್ಲ; ಒಳಗಿನ ಒತ್ತಡ ಇಳಿಯಲು ಕೆಲವು ನಿಮಿಷ ಬೇಕು. ಹಳೆಯ ಮನೆಗಳ ಗೋಡೆಯ ಮೇಲೆ ಕುಳಿತಿರುವ ಸ್ಟೆಬಿಲೈಜರು ಕರೆಂಟು ಬಂದ ಬಳಿಕ ಸುಮಾರು ಮೂರು ನಿಮಿಷ ತಡೆದು ಫ್ರಿಜ್ಜಿಗೆ ಕೊಡುತ್ತಿದ್ದುದು ಇದೇ ಕಾರಣದಿಂದ. ಫ್ರಿಜ್ಜಿಗೆ ಸ್ಮಾರ್ಟ್ ಪ್ಲಗ್ಗಿನ ಅಗತ್ಯವಿಲ್ಲ. ಅದನ್ನು ಅದರ ಪಾಡಿಗೆ ಬಿಡುವುದೇ ಜಾಣತನ.

ಇನ್ನೊಂದು ವರ್ಗದ ವಸ್ತುಗಳ ವಿಷಯದಲ್ಲಿ ಸಂಕೋಚವಿಲ್ಲದೆ ಹೇಳಬೇಕಾದ ಮಾತಿದೆ. ವಯಸ್ಸಾದವರ ಮನೆಯಲ್ಲಿ ಆಮ್ಲಜನಕ ಕೊಡುವ ಯಂತ್ರವೋ, ಉಬ್ಬಸದವರ ನೆಬ್ಯುಲೈಜರೋ, ನಿದ್ರೆಯಲ್ಲಿ ಉಸಿರಾಟಕ್ಕೆ ನೆರವಾಗುವ ಯಂತ್ರವೋ ಇದ್ದರೆ, ಅದರ ಮತ್ತು ಗೋಡೆಯ ನಡುವೆ ಯಾವ ಬುದ್ಧಿವಂತ ಪೆಟ್ಟಿಗೆಯೂ ನಿಲ್ಲಕೂಡದು. ಮೊಮ್ಮಗು ಫೋನಿನಲ್ಲಿ ಆಡುತ್ತ ಒಂದು ಚಿತ್ರವನ್ನು ಮುಟ್ಟಿದರೆ ಸಾಕು. ಅಂಥ ಯಂತ್ರದ ಪ್ಲಗ್ಗು ನೇರವಾಗಿ ಸಾಕೆಟ್ಟಿನಲ್ಲಿರಬೇಕು, ಆ ಸಾಕೆಟ್ಟು ಯುಪಿಎಸ್ಸಿನ ತಂತಿಯ ಮೇಲಿರಬೇಕು, ಆ ಯುಪಿಎಸ್ಸು ಯಂತ್ರದ ಭಾರವನ್ನು ಎಷ್ಟು ಹೊತ್ತು ಹೊರಬಲ್ಲದೆಂಬುದನ್ನು ಒಮ್ಮೆ ಹಗಲಿನಲ್ಲಿಯೇ ಪರೀಕ್ಷಿಸಿ ನೋಡಿರಬೇಕು.

ಭಾರದ ಮಾತು ಬಂದುದರಿಂದ ಆಂಪಿಯರಿನ ಲೆಕ್ಕಕ್ಕೆ ಬರಬೇಕಾಗುತ್ತದೆ. ಲೆಕ್ಕ ಕಷ್ಟವೇನಲ್ಲ: ವ್ಯಾಟನ್ನು 230ರಿಂದ ಭಾಗಿಸಿದರಾಯಿತು. 2000 ವ್ಯಾಟಿನ ಗೀಸರು ಸುಮಾರು 8.7 ಆಂಪಿಯರ್ ಎಳೆಯುತ್ತದೆ. 3000 ವ್ಯಾಟಿನದು 13. ಅಂದಮೇಲೆ 6 ಆಂಪಿಯರಿನ ಪ್ಲಗ್ಗು ದೀಪ, ಫ್ಯಾನು, ರೇಡಿಯೋಗಳಿಗೆ ಮಾತ್ರ. 10 ಆಂಪಿಯರಿನದು 2000 ವ್ಯಾಟಿನ ಗೀಸರಿಗೆ ಕಾಗದದ ಮೇಲೆ ಸಾಕು. ಆದರೆ ಪ್ರತಿದಿನ ತನ್ನ ಶಕ್ತಿಯ ತುತ್ತತುದಿಯಲ್ಲಿ ದುಡಿಯುವ ಎತ್ತು ಎಷ್ಟು ವರ್ಷ ಬಾಳೀತು? ಗೀಸರಿಗೆ 16 ಆಂಪಿಯರಿನ, ದಪ್ಪ ಮೊಳೆಗಳ ಪ್ಲಗ್ಗೇ ಬೇಕು. ಅದನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸಲು ನಡುವೆ ಇನ್ನೊಂದು ಅಗ್ಗದ ಪರಿವರ್ತಕವನ್ನು ಸಿಕ್ಕಿಸುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಬೋರ್ಡು ಕರಗಿ ಕಪ್ಪಾಗಲು ಅದಕ್ಕಿಂತ ಸುಲಭವಾದ ದಾರಿ ಇಲ್ಲ. ಭಾರತದಲ್ಲಿ ಪ್ಲಗ್ಗು ಸಾಕೆಟ್ಟುಗಳ ಮಾನಕ ಐಎಸ್ 1293. ಆ ಸಂಖ್ಯೆ, ಐಎಸ್‌ಐ ಗುರುತು ಮತ್ತು ಅದರ ಕೆಳಗಿನ ಲೈಸೆನ್ಸಿನ ಸಂಖ್ಯೆ ಇವೆಯೇ ಎಂದು ನೋಡಬೇಕು. ಆ ಲೈಸೆನ್ಸ್ ನಿಜವೇ ಎಂಬುದನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಎಂಬ ಫೋನ್ ತಂತ್ರಾಂಶದಲ್ಲಿ ಅಂಗಡಿಯ ಕಟ್ಟೆಯ ಮುಂದೆಯೇ ನಿಂತು ತಾಳೆನೋಡಬಹುದು. ಅಂಗಡಿಯವರು ಮುನಿಸಿಕೊಂಡರೆ ಬೇರೆ ಅಂಗಡಿ ಇದ್ದೇ ಇದೆ.

ಮೋಟರಿನ ಕಥೆ ಬೇರೆ. ಊರ ನಲ್ಲಿಯಲ್ಲಿ ಬಂದಾಗ ಬಂದಷ್ಟು ನೀರನ್ನು ಸಂಪಿಗೆ ತುಂಬಿಕೊಂಡು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸುವ ವ್ಯವಸ್ಥೆ ಈಗ ಮನೆಮನೆಗೂ ಇದೆ. ಜಗಳೂರಿನಂಥ ನೀರಿನ ಬಡತನದ ಸೀಮೆಯಲ್ಲಿ ಟ್ಯಾಂಕು ತುಂಬಿ ಹರಿದುಹೋಗುವ ಒಂದು ಕೊಡ ನೀರೂ ಮನಸ್ಸಿಗೆ ಚುಚ್ಚುತ್ತದೆ; ಆದ್ದರಿಂದ ಮೋಟರನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸಲು ಸ್ಮಾರ್ಟ್ ಪ್ಲಗ್ ಹಾಕಿದರೆ ಹೇಗೆಂದು ಅನೇಕರು ಯೋಚಿಸುತ್ತಾರೆ. ಯೋಚನೆ ಸಹಜ, ಉಪಾಯ ತಪ್ಪು. ಒಂದು ಎಚ್‌ಪಿ ಎಂದರೆ 746 ವ್ಯಾಟು. ಇಷ್ಟು ಸಣ್ಣ ಮೋಟರಿಗೆ 10 ಆಂಪಿಯರ್ ಧಾರಾಳವಾಯಿತೆಂದು ತೋರುತ್ತದೆ. ಆದರೆ ಏಳುವ ಕ್ಷಣದ ಆ ಹಲವು ಪಟ್ಟು ಎಳೆತವನ್ನು ಮರೆಯುವಂತಿಲ್ಲ. ಪುಟ್ಟ ರಿಲೇಯ ಒಳಗಿನ ಎರಡು ಲೋಹದ ತುದಿಗಳು ಕಿಡಿಯ ಕಾವಿಗೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಫೋನು ‘ಆರಿದೆ’ ಎಂದು ತೋರಿಸುತ್ತಿರುತ್ತದೆ, ಮೋಟರು ಓಡುತ್ತಲೇ ಇರುತ್ತದೆ, ಸಂಪು ಬತ್ತಿದ ಮೇಲೂ ಓಡುತ್ತದೆ. ಇಲ್ಲಿ ಬೇಕಾದುದು ಟ್ಯಾಂಕಿನಲ್ಲಿ ಒಂದು, ಸಂಪಿನಲ್ಲಿ ಒಂದು ತೇಲುಗುಂಡು ಅಥವಾ ಮಟ್ಟ ಅರಿಯುವ ಕಡ್ಡಿ, ಮತ್ತು ಮೋಟರಿನ ಭಾರಕ್ಕೆ ತಕ್ಕ ಕಾಂಟ್ಯಾಕ್ಟರು ಉಳ್ಳ ನೀರಿನ ಮಟ್ಟದ ನಿಯಂತ್ರಕ. ಅದಕ್ಕೆ ಇಂಟರ್ನೆಟ್ಟು ಬೇಡ, ಫೋನು ಬೇಡ, ಬೆಂಗಳೂರಿನ ಮಗನೂ ಬೇಡ. ನೀರು ಮೇಲೇರಿದರೆ ನಿಲ್ಲಿಸುತ್ತದೆ, ಇಳಿದರೆ ಓಡಿಸುತ್ತದೆ. ದಾವಣಗೆರೆ ಜಿಲ್ಲೆಯ ಯಾವ ಪಟ್ಟಣದ ಮೋಟರು ರಿಪೇರಿಯವರೂ ಅದನ್ನು ಜೋಡಿಸಿಕೊಡಬಲ್ಲರು, ಕೆಟ್ಟರೆ ಸರಿಮಾಡಬಲ್ಲರು. ವಿಶ್ವಾಸಾರ್ಹತೆಯಲ್ಲಿ ರಿಪೇರಿಯವನ ದೂರವೂ ಒಂದು ಅಂಶವೆಂಬುದನ್ನು ವಿದೇಶದ ಪರೀಕ್ಷಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವೋಲ್ಟೇಜಿನ ಏರುಪೇರು ಇನ್ನೊಂದು ಶತ್ರು. ಮನೆಗೆ ಬರಬೇಕಾದುದು 230 ವೋಲ್ಟು. ನಿಯಮದಂತೆ ಶೇಕಡಾ 6ರಷ್ಟು ಹೆಚ್ಚು ಕಡಿಮೆಯಾಗಬಹುದು, ಎಂದರೆ ಸುಮಾರು 216ರಿಂದ 244ರವರೆಗೆ. ವೋಲ್ಟೇಜು ಇಳಿದರೆ ಸ್ಮಾರ್ಟ್ ಪ್ಲಗ್ಗಿಗೆ ಹೆಚ್ಚಿನ ಅಪಾಯವಿಲ್ಲ. ಕುತ್ತು ಬರುವುದು ಏರಿದಾಗ. ಗಾಳಿಗೆ ಕೊಂಬೆ ಬಿದ್ದು ಬೀದಿಯ ತಂತಿಗಳಲ್ಲಿ ನ್ಯೂಟ್ರಲ್ ಒಂದೇ ಕಡಿದುಹೋದರೆ, ಮನೆಯೊಳಗಿನ ವೋಲ್ಟೇಜು 400ರ ಹತ್ತಿರ ಏರುವುದುಂಟು. ಆಗ ಟಿವಿ, ಚಾರ್ಜರು, ಎಲ್‌ಇಡಿ ದೀಪಗಳೊಡನೆ ಈ ಬುದ್ಧಿವಂತ ಪೆಟ್ಟಿಗೆಗಳೂ ಒಂದೇ ಗಳಿಗೆಯಲ್ಲಿ ಹೊಗೆಯಾಗುತ್ತವೆ. ಸಾವಿರ ರೂಪಾಯಿಯ ಪ್ಲಗ್ಗುಗಳನ್ನು ಐದಾರು ಕೊಳ್ಳುವವರು ಅದಕ್ಕೆ ಮೊದಲು ಮೀಟರಿನ ಬಳಿಯ ಮುಖ್ಯ ಬೋರ್ಡಿನಲ್ಲಿ ಒಂದು ಅಧಿಕ ವೋಲ್ಟೇಜಿನ ರಕ್ಷಕವನ್ನೂ, ನೆಲಕ್ಕೆ ಸೋರುವ ವಿದ್ಯುತ್ತನ್ನು ಅರಿತು ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸುವುದು ಮೇಲು. ಅದರ ಜೊತೆಗೆ ಹಿತ್ತಿಲಿನ ಅರ್ತಿಂಗ್ ಗುಂಡಿಯಲ್ಲಿ ತೇವವಿದೆಯೇ, ತಂತಿ ತುಕ್ಕು ಹಿಡಿದು ಕಡಿದಿದೆಯೇ ಎಂದು ಬಲ್ಲ ಎಲೆಕ್ಟ್ರಿಶಿಯನ್ನಿನಿಂದ ನೋಡಿಸಬೇಕು. ಬಚ್ಚಲುಮನೆಯಲ್ಲಿ ಒದ್ದೆ ಕೈಯವರ ಪ್ರಾಣ ಕಾಯುವುದು ಈ ಆರ್‌ಸಿಸಿಬಿ ಮತ್ತು ಅರ್ತಿಂಗ್‌ಗಳೇ ಹೊರತು ಫೋನಿನಲ್ಲಿ ಕಾಣುವ ಹಸಿರು ಬಣ್ಣದ ಗುರುತಲ್ಲ.

ಇಷ್ಟೆಲ್ಲ ಗಟ್ಟಿಯಾಗಿರುವ ಪ್ಲಗ್ಗು ಕೂಡ ಒಂದು ಬೆಳಗ್ಗೆ ಮೂಕವಾಗಬಹುದು. ಕಾರಣ ಅದರ ಬುದ್ಧಿ ಅದರೊಳಗಿರುವುದಿಲ್ಲ. ಬಹುಪಾಲು ಅಗ್ಗದ ಪ್ಲಗ್ಗುಗಳಲ್ಲಿ ಫೋನಿನ ಅಪ್ಪಣೆ ಮನೆಯಿಂದ ಹೊರಟು, ದೂರದೇಶದ ಒಂದು ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಮರಳಿ ಅದೇ ಮನೆಯ ಗೋಡೆಗೆ ಬರುತ್ತದೆ. ಆ ಕಂಪ್ಯೂಟರನ್ನು ಕಂಪನಿ ಮುಚ್ಚಿದರೆ ಪ್ಲಗ್ಗಿನ ಜಾಣತನ ಅಲ್ಲಿಗೆ ಮುಗಿಯಿತು. ಇದು ಬರಿಯ ಹೆದರಿಕೆಯ ಮಾತಲ್ಲ. ಅಮೆರಿಕದಲ್ಲಿ ‘ರಿವಾಲ್ವ್’ ಎಂಬ ಗೃಹನಿಯಂತ್ರಕ ಪೆಟ್ಟಿಗೆ 300 ಡಾಲರಿಗೆ ಮಾರಾಟವಾಗುತ್ತಿತ್ತು. ಅದನ್ನು 2014ರಲ್ಲಿ ನೆಸ್ಟ್ ಕಂಪನಿ ಕೊಂಡಿತು. 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನು ನಿಲ್ಲಿಸಿತು. ಕೊಂಡವರ ಮೇಜಿನ ಮೇಲೆ ಉಳಿದದ್ದು ಒಂದು ಪ್ಲಾಸ್ಟಿಕ್ ಕರಡಿಗೆ. 2022ರ ಏಪ್ರಿಲ್‌ನಲ್ಲಿ ‘ಇನ್ಸ್‌ಟಿಯಾನ್’ ಎಂಬ ಹಳೆಯ ಸಂಸ್ಥೆಯ ಕಂಪ್ಯೂಟರುಗಳು ಮುನ್ಸೂಚನೆಯಿಲ್ಲದೆ ಆರಿಹೋದವು. ಅದನ್ನು ಬಳಸುತ್ತಿದ್ದವರಲ್ಲಿಯೇ ಕೆಲವರು ಕೂಡಿ ಅದೇ ವರ್ಷ ಸಂಸ್ಥೆಯನ್ನು ಕೊಂಡು ಮತ್ತೆ ಜೀವ ಕೊಟ್ಟರು. ಬೆಲ್ಕಿನ್ ಎಂಬ ಹೆಸರಾಂತ ಕಂಪನಿ ತನ್ನ ‘ವೀಮೋ’ ಪ್ಲಗ್ಗುಗಳಲ್ಲಿ ಬಹುಪಾಲಿನ ಸೇವೆಯನ್ನು 2026ರ ಜನವರಿ 31ಕ್ಕೆ ಕೊನೆಗಾಣಿಸುವುದಾಗಿ 2025ರ ಜುಲೈನಲ್ಲಿ ಪ್ರಕಟಿಸಿತು. ಇಷ್ಟು ದೊಡ್ಡ ಹೆಸರುಗಳ ಗತಿ ಹೀಗಾದರೆ, ಜಾಲದ ಮಾರುಕಟ್ಟೆಯಲ್ಲಿ ವಾರಕ್ಕೊಂದು ಹೊಸ ಹೆಸರಿನಲ್ಲಿ ಬರುವ ಅಗ್ಗದ ಸರಕಿಗೆ ಎಷ್ಟು ಆಯುಸ್ಸು ಎಂಬುದನ್ನು ವಾಚಕರೇ ಊಹಿಸಬಹುದು.

ಆದ್ದರಿಂದ ಮನೆಯ ವೈಫೈ ಒಳಗೇ, ಹೊರಗಿನ ಇಂಟರ್ನೆಟ್ಟಿನ ಹಂಗಿಲ್ಲದೆ ಫೋನಿನ ಅಪ್ಪಣೆಯನ್ನು ಪಾಲಿಸುವ ಪ್ಲಗ್ಗನ್ನು ಆರಿಸಬೇಕು. ‘ಮ್ಯಾಟರ್’ ಎಂಬ ಹೆಸರಿನ ಒಂದು ಸಾಮಾನ್ಯ ಭಾಷೆಯನ್ನು ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಮೊದಲಾದ ಸಂಸ್ಥೆಗಳು ಕೂಡಿ 2022ರ ಅಕ್ಟೋಬರಿನಲ್ಲಿ ಹೊರತಂದವು. ಆ ಗುರುತಿರುವ ಸಾಧನ ಒಂದೇ ಕಂಪನಿಯ ತಂತ್ರಾಂಶಕ್ಕೆ ಕಟ್ಟುಬೀಳುವುದಿಲ್ಲ, ಮನೆಯೊಳಗಿನ ಮಾತನ್ನು ಮನೆಯೊಳಗೇ ಆಡುತ್ತದೆ. ಬೆಲೆ ತುಸು ಹೆಚ್ಚು. ಪರೀಕ್ಷೆ ಸುಲಭ: ರೂಟರಿನಿಂದ ಹೊರಗಿನ ಫೈಬರ್ ತಂತಿಯನ್ನು ಮಾತ್ರ ಬಿಡಿಸಿ, ಫೋನಿನ ಮೊಬೈಲ್ ಡೇಟಾ ಆರಿಸಿ, ಪ್ಲಗ್ಗು ಮಾತು ಕೇಳುತ್ತದೆಯೇ ನೋಡಬೇಕು. ಕೇಳದಿದ್ದರೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಹಿಂದಿರುಗಿಸಬೇಕು. ಇದೇ ದಿನ ಮುಖ್ಯ ಸ್ವಿಚ್ಚನ್ನು ಮೂರು ನಾಲ್ಕು ಸಲ ಆರಿಸಿ ಹೊತ್ತಿಸಿ, ಪ್ಲಗ್ಗು ಯಾರ ನೆರವೂ ಇಲ್ಲದೆ ವೈಫೈಯನ್ನು ಮತ್ತೆ ಹಿಡಿಯುತ್ತದೆಯೇ ಎಂದೂ ಪರೀಕ್ಷಿಸಬೇಕು. ಕರೆಂಟು ಬಂದ ಮೇಲೆ ರೂಟರು ಸಿದ್ಧವಾಗಲು ಒಂದೆರಡು ನಿಮಿಷ ಬೇಕು. ಅಷ್ಟರೊಳಗೆ ಬೇಸತ್ತು ಪ್ರಯತ್ನ ಬಿಡುವ ಪ್ಲಗ್ಗುಗಳುಂಟು. ರೂಟರನ್ನು ಯುಪಿಎಸ್ಸಿಗೆ ಸೇರಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಬೀದಿಯ ಕೇಬಲ್ಲಿನವರ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ ಮಾತ್ರ ಹೊರಗಿನ ಇಂಟರ್ನೆಟ್ಟು ಕರೆಂಟಿನ ಜೊತೆಯಲ್ಲಿಯೇ ಹೋಗುತ್ತದೆ. ಅದಕ್ಕೆ ಮನೆಯವರು ಮಾಡಬಹುದಾದುದೇನೂ ಇಲ್ಲ. ಬಹುಪಾಲು ಪ್ಲಗ್ಗುಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಅರಿಯುತ್ತವೆಂಬುದೂ ಗೊತ್ತಿರಲಿ. ಮಣ್ಣುಗೋಡೆಯ, ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ಹಜಾರದ ರೂಟರಿನ ದನಿ ಹಿತ್ತಿಲಿನ ಬಚ್ಚಲಿಗೆ ಕೇಳಿಸದೆ ಹೋಗಬಹುದು.

ಪ್ಲಗ್ಗಿನ ಬದಿಯಲ್ಲಿ ಕೈಯಿಂದ ಒತ್ತುವ ಗುಂಡಿ ಇರಲೇಬೇಕು, ಅದು ಕತ್ತಲಲ್ಲಿಯೂ ಬೆರಳಿಗೆ ಸಿಗುವಂತಿರಬೇಕು. ಕೆಲವರು ಪ್ಲಗ್ಗಿನ ಬದಲು ಗೋಡೆಯ ಸ್ವಿಚ್ಚುಗಳನ್ನೇ ಸ್ಮಾರ್ಟ್ ಮಾಡಿಸಲು ಹೊರಡುತ್ತಾರೆ. ಅಂಥವುಗಳಲ್ಲಿ ಹೆಚ್ಚಿನವಕ್ಕೆ ಸ್ವಿಚ್ಚಿನ ಪೆಟ್ಟಿಗೆಯೊಳಗೆ ನ್ಯೂಟ್ರಲ್ ತಂತಿ ಬೇಕು. ಹಳೆಯ ಮನೆಗಳಲ್ಲಿ ಅದು ಅಲ್ಲಿಗೆ ಬಂದಿರುವುದೇ ಇಲ್ಲ. ಗೋಡೆ ಕೊರೆಯಲು ಹಣವೂ ಮನಸ್ಸೂ ಇರುವವರು ಮಾತ್ರ ಆ ದಾರಿ ಹಿಡಿಯಲಿ. ಧ್ವನಿಯ ಅಪ್ಪಣೆಗೆ ಓಗೊಡುವ ಸಾಧನಗಳ ಬಗ್ಗೆಯೂ ಒಂದು ಮಾತು ಇಲ್ಲಿ ಸಲ್ಲುತ್ತದೆ. ಅಮೆಜಾನಿನ ‘ಅಲೆಕ್ಸಾ’ 2019ರಲ್ಲಿ ಹಿಂದಿ ಕಲಿಯಿತು. ಕನ್ನಡವೊಂದನ್ನೇ ಆಡುವ ಅಜ್ಜಿಗಾಗಿ ಇಂಥದನ್ನು ಕೊಳ್ಳುವವರು, ಆಕೆಯ ಬಾಯಿಂದಲೇ “ದೀಪ ಹಚ್ಚು” ಎನ್ನಿಸಿ ಅದು ಹಚ್ಚುತ್ತದೆಯೇ ನೋಡಿ ಕೊಳ್ಳಲಿ. ಎಪ್ಪತ್ತು ವರ್ಷ ತನ್ನ ಮನೆಯಲ್ಲಿ ತನ್ನ ಭಾಷೆಯಲ್ಲಿ ಬಾಳಿದವರು ದೀಪಕ್ಕಾಗಿ ಪರಭಾಷೆ ಕಲಿಯುವುದು ಎಲ್ಲಿಯ ನ್ಯಾಯ?

ಈ ಪ್ಲಗ್ಗುಗಳಿಂದ ನಿಜವಾದ ಲಾಭವೇನೂ ಇಲ್ಲವೆಂದು ಇದರ ಅರ್ಥವಲ್ಲ. ಎಷ್ಟು ಯೂನಿಟ್ ಉರಿಯಿತೆಂದು ಅಳೆದು ತೋರಿಸುವ ಪ್ಲಗ್ಗು ಮಧ್ಯಮವರ್ಗದ ಮನೆಗೆ ಬಹಳ ಉಪಯುಕ್ತ. ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ತೆರಬೇಕಾಗುತ್ತದೆ. ಅಂಚಿನಲ್ಲಿರುವ ಸಂಸಾರಕ್ಕೆ ಯಾವುದು ಎಷ್ಟು ನುಂಗುತ್ತಿದೆ ಎಂಬ ತಿಳಿವು ನೂರಾರು ರೂಪಾಯಿಯ ಬೆಲೆಯುಳ್ಳದ್ದು. ಒಂದು ಉದಾಹರಣೆ: 25 ಲೀಟರಿನ ಗೀಸರಿನಲ್ಲಿ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು ಒಂದು ಯೂನಿಟ್ ಬೇಕು, 2000 ವ್ಯಾಟಿನ ಸುರುಳಿಗೆ ಅದು ಅರ್ಧ ಗಂಟೆಯ ಕೆಲಸ. ದಿನಕ್ಕೆರಡು ಸಲವಾದರೆ ತಿಂಗಳಿಗೆ 60 ಯೂನಿಟ್ ಗೀಸರೊಂದಕ್ಕೇ ಹೋಯಿತು. ಬೆಳಗ್ಗೆ ಐದೂವರೆಗೆ ಹೊತ್ತಿ ಆರಕ್ಕೆ ಆರುವಂತೆ ಪ್ಲಗ್ಗಿಗೆ ಹೊತ್ತು ಕಟ್ಟಿಟ್ಟರೆ, ಮರೆತು ಇಡೀ ದಿನ ಬಿಟ್ಟು ಆರುತ್ತಿರುವ ನೀರನ್ನು ಮತ್ತೆ ಮತ್ತೆ ಕಾಯಿಸುವ ದಂಡ ತಪ್ಪುತ್ತದೆ. ಪ್ಲಗ್ಗು ತಾನೂ ಸ್ವಲ್ಪ ತಿನ್ನುತ್ತದೆ: ಸದಾ ಎಚ್ಚರವಿರಲು ಒಂದು ವ್ಯಾಟು ಬೇಕೆಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 9 ಯೂನಿಟ್. ಹತ್ತು ಪ್ಲಗ್ಗುಗಳಿದ್ದರೆ 90. ದೀಪಕ್ಕೊಂದು ಪ್ಲಗ್ಗು ಹಾಕಿ ವಿದ್ಯುತ್ತು ಉಳಿಸಹೊರಟವರು ಈ ಗುಣಾಕಾರವನ್ನು ಮಾಡಿ ನೋಡಲಿ. ಹೊತ್ತಿನ ಲೆಕ್ಕವೊಂದೇ ಸಾಕೆನ್ನುವವರಿಗೆ ಹಲ್ಲುಚಕ್ರದ ಹಳೆಯ ಟೈಮರುಗಳು ಇಂದಿಗೂ ಸಿಗುತ್ತವೆ. ಅವಕ್ಕೆ ಪಾಸ್‌ವರ್ಡಿಲ್ಲ, ಕರೆಂಟು ಹೋದಷ್ಟು ಹೊತ್ತು ಗಡಿಯಾರ ಹಿಂದೆ ಬೀಳುವುದೊಂದೇ ಕೊರತೆ.

ಪಾಸ್‌ವರ್ಡಿನ ವಿಷಯವನ್ನು ಹಗುರವಾಗಿ ಎಣಿಸಬಾರದು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಲೋಕದಾದ್ಯಂತ ಮನೆಮನೆಯ ಕ್ಯಾಮೆರಾ ರೂಟರುಗಳೊಳಗೆ ನುಗ್ಗಿದ್ದು, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೆ ಇದ್ದುದರಿಂದ. ಬಂದ ದಿನವೇ ಅದನ್ನು ಬದಲಿಸಬೇಕು. ತಂದೆತಾಯಿಯರ ಯೋಗಕ್ಷೇಮದ ನೆಪದಿಂದ ಹಜಾರದಲ್ಲಿ ಕ್ಯಾಮೆರಾ ಇಡಿಸುವ ಮಕ್ಕಳು, ಮೊದಲು ಅವರನ್ನು ಕೇಳುವ ಮರ್ಯಾದೆಯನ್ನಾದರೂ ತೋರಬೇಕು. ಮಲಗುವ ಕೋಣೆಗಂತೂ ಅದು ಸಲ್ಲದು.

ಊರಿನಿಂದ ಹೊರಡುವ ಮುನ್ನ ಮಗನು ಮಾಡಬೇಕಾದ ಕೆಲಸ ಇನ್ನೊಂದಿದೆ. ತಂತ್ರಾಂಶದ ಖಾತೆ ಅವನೊಬ್ಬನ ಫೋನಿನಲ್ಲಿದ್ದರೆ ಸಾಲದು. ತಂದೆಯ ಫೋನಿನಲ್ಲಿಯೂ, ಅದೇ ಬೀದಿಯಲ್ಲಿರುವ ಒಬ್ಬ ನಂಬಿಗಸ್ತ ನೆಂಟರ ಫೋನಿನಲ್ಲಿಯೂ ಇರಬೇಕು. ಬಳಿಕ ಮುಖ್ಯ ಬೋರ್ಡಿನ ಬಾಗಿಲಿನ ಒಳಬದಿಗೆ ಒಂದು ಕಾಗದ ಅಂಟಿಸಬೇಕು. ಯಾವ ಪ್ಲಗ್ಗು ಯಾವುದಕ್ಕೆ, ಕರೆಂಟು ಬಂದ ಮೇಲೆ ಯಾವುದು ಆರಿರುತ್ತದೆ, ಯಾವುದು ಹೊತ್ತಿರುತ್ತದೆ, ಕೆಟ್ಟರೆ ಅದನ್ನು ಕಿತ್ತು ಗೀಸರನ್ನು ಗೋಡೆಗೆ ನೇರವಾಗಿ ಸಿಕ್ಕಿಸುವುದು ಹೇಗೆ, ಎಲೆಕ್ಟ್ರಿಶಿಯನ್ನಿನ ಫೋನ್ ನಂಬರು ಯಾವುದು ಎಂಬುದೆಲ್ಲ ದಪ್ಪ ಅಕ್ಷರದ ಕನ್ನಡದಲ್ಲಿ, ಕನ್ನಡಕವಿಲ್ಲದೆಯೂ ಓದುವಂತೆ. ಮಗನು ಅಂಟಿಸಿ ಮುಗಿಸಿದ ಮೇಲೆ ಮೇನ್ ಸ್ವಿಚ್ಚನ್ನು ಆರಿಸಿ, ಐದು ನಿಮಿಷ ತಡೆದು ಹಾಕಿ, ತಾನು ಏನನ್ನೂ ಮುಟ್ಟದೆ ಪಕ್ಕದಲ್ಲಿ ನಿಂತು, ತಾಯಿಯೇ ಬಿಸಿನೀರು ಕಾಯಿಸಿಕೊಳ್ಳುವುದನ್ನು ನೋಡಿ ಬಸ್ಸು ಹತ್ತಲಿ.